ಬಾಣದ ಗುರುತು ಮರೀಬೇಡಿ

ಕಾರಿನ ಕ್ಯಾಬಿನ್ ಫಿಲ್ಟರ್ (ಒಳಗೆ ಬರುವ ಗಾಳಿಯ ಧೂಳು ತಡೆಯುವ ಫಿಲ್ಟರ್) ಬದಲಿಸುವ ಬಗ್ಗೆ ನಿಮ್ಮ ಲೇಖನ ಓದಿದೆ. ಗ್ಲೋವ್ ಬಾಕ್ಸ್ (ಮುಂದಿನ ಸೀಟಿನ ಎದುರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆ) ಬಿಚ್ಚಿದರೆ ಅದು ಸಿಗುತ್ತದೆ ಎಂದು ಬರೆದಿದ್ದೀರಿ. ಜಾಸ್ತಿ ಕಾರುಗಳಲ್ಲಿ ಅದು ಅಲ್ಲೇ ಇರುತ್ತದೆ, ನಿಜ. ಆದರೆ ಕೆಲವು ಕಾರುಗಳಲ್ಲಿ ಬಾನೆಟ್ ಎತ್ತಬೇಕು, ವೈಪರ್ ಹತ್ತಿರದ ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿರುತ್ತದೆ. ಸುಮ್ನೆ ಹುಡುಕಾಡುವ ಬದಲು ಕಾರಿನ ಜೊತೆ ಬಂದ ಪುಸ್ತಕ ನೋಡಿಬಿಡಿ.

ಮೊದಲ ಸಲ ನಾನು ಗ್ಲೋವ್ ಬಾಕ್ಸನ್ನು ಜೋರಾಗಿ ಎಳೆದು ಒಂದು ಲಾಕ್ ಮುರಿದುಕೊಂಡೆ. ಎರಡೂ ಪಕ್ಕಗಳನ್ನು ಒಳಕ್ಕೆ ಒತ್ತಿದರೆ ತಾನಾಗೇ ಕೆಳಗಿಳಿಯುತ್ತಿತ್ತು! ಆಮೇಲೆ ಫ್ಯಾನ್ ಆಫ್ ಮಾಡುವುದನ್ನೂ ಮರೆತಿದ್ದೆ. ಫಿಲ್ಟರ್ ಮೇಲಿದ್ದ ಒಣ ಎಲೆ ಬ್ಲೋವರ್ (ಗಾಳಿ ಊದುವ ಫ್ಯಾನ್) ಒಳಗೆ ಹೋಗಿ ಎರಡು ದಿನ ಟರ್ ಟರ್ ಸದ್ದು.

ಲೇಖನದಲ್ಲಿ ಬಿಟ್ಟುಹೋಗಿರುವುದು ಬಾಣದ ಗುರುತು. ಫಿಲ್ಟರ್ ಅಂಚಿನಲ್ಲಿರುವ ಆ ಬಾಣ ಗಾಳಿ ಹರಿಯುವ ದಿಕ್ಕು ತೋರಿಸುತ್ತದೆ. ಹಳೆಯದನ್ನು ಎಳೆಯುವ ಮುಂಚೆ ಫೋನಿನಲ್ಲಿ ಒಂದು ಫೋಟೊ ತೆಗೆದರೆ ಹೊಸದನ್ನು ಯಾವ ಕಡೆಗೆ ಹಾಕಬೇಕು ಎಂಬ ಗೊಂದಲ ಇರಲ್ಲ.

ಹಳೆಯ ಫಿಲ್ಟರನ್ನೇ ತೊಳೆದು ಮತ್ತೆ ಹಾಕಬಹುದು ಎಂದು ಲೇಖನದ ಕೆಳಗಿನ ಕಾಮೆಂಟಿನಲ್ಲಿ ಒಬ್ಬರು ಹೇಳಿದ್ದಾರೆ. ಕಾಗದದ ಫಿಲ್ಟರ್ ನೀರು ಬಿದ್ದರೆ ಹಾಳಾಗುತ್ತದೆ ಅಲ್ವಾ? ಕಾರ್ಬನ್ ಇರುವುದಂತೂ ತೊಳೆದರೆ ವಾಸನೆ ಹೀರುವ ಶಕ್ತಿ ವಾಪಸ್ ಬರುವುದಿಲ್ಲ. ನಾನು ವರ್ಷಕ್ಕೊಮ್ಮೆ ಹೊಸದು ಹಾಕುತ್ತೇನೆ, ಧೂಳಿನ ರಸ್ತೆಯಲ್ಲಿ ಜಾಸ್ತಿ ಓಡಿಸಿದ್ದರೆ ಇನ್ನೂ ಬೇಗ.