ನಮ್ಮ ಕೆರೆಗೆ ಫುಲ್ ಮಾರ್ಕ್ಸ್

ಮಂಗಳೂರಿನ ನಮ್ಮ ವಾರ್ಡಿನ ಕೆರೆಯನ್ನು ಸೆಂಟಿನೆಲ್-2 ಎಂಬ ಜೋಡಿ ಉಪಗ್ರಹ 786 ಕಿಲೋಮೀಟರ್ ಎತ್ತರದಿಂದ ಐದು ದಿನಕ್ಕೊಮ್ಮೆ ಇಣುಕಿ ನೋಡಿ ಹೋಗುತ್ತದೆ. ಕೆರೆಯಿಂದ ಕೂಗಳತೆಯಲ್ಲಿ ಒಂದು ಕಚೇರಿಯೂ ಉಂಟು. ಅದರ ಕಿಟಕಿ ಕೆರೆಯ ಕಡೆಗೇ ಇದೆ. ಆದರೆ ಕಿಟಕಿಗೆ ಅಡ್ಡ ಫೈಲಿನ ಕಪಾಟು ಇಟ್ಟಿದ್ದಾರೆ.

ಕೆರೆ ತುಂಬಾ ನೇರಳೆ ಹೂವಿನ ಜಲಕಳೆ. ಕೊಕ್ಕರೆ ಅದರ ಮೇಲೆ ವಾಕಿಂಗ್ ಮಾಡುತ್ತದೆ. ನೀರು ನೋಡಬೇಕಾದರೆ ಕೋಲು ಹಾಕಿ ಸರಿಸಬೇಕು. ದೂರು ಹಿಡಿದು ಹೋದೆ. ಸಾಹೇಬರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. "ಉಪಗ್ರಹದ ಚಿತ್ರ ನೋಡಿ. ಹಸಿರು ಹೊದಿಕೆ ಎಷ್ಟು ಜಾಸ್ತಿಯಾಗಿದೆ!"

ಉಪಗ್ರಹದ್ದೇನೂ ತಪ್ಪಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೀರು ನುಂಗುತ್ತದೆ, ಎಲೆ ವಾಪಸ್ ಎಸೆಯುತ್ತದೆ. 'ಇಲ್ಲಿ ನೀರು ಕಾಣುತ್ತಿಲ್ಲ, ಎಲೆಯೇ ಇದೆ' ಅಂತ ಅದು ಸರಿಯಾಗಿಯೇ ಹೇಳಿತ್ತು. ಥರ್ಮಾಮೀಟರ್ 104 ತೋರಿಸಿದರೆ 'ಭೇಷ್, ನೂರಕ್ಕಿಂತ ಜಾಸ್ತಿ ಬಂತು' ಅನ್ನುವವರ ಕೈಗೆ ಸಿಕ್ಕಿದ್ದು ಅದರ ಗ್ರಹಚಾರ.

"ಮತ್ತೆ ಆ ಚರಂಡಿ ಪೈಪ್?"

"ಚಿತ್ರದಲ್ಲಿ ಇಲ್ಲ."

ಇರುವುದಾದರೂ ಹೇಗೆ? ಚಿತ್ರದ ಒಂದು ಚುಕ್ಕಿ ಅಂದರೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ನಮ್ಮೂರ ಲೆಕ್ಕದಲ್ಲಿ ಎರಡೂವರೆ ಸೆಂಟ್ಸ್ ಜಾಗ. ಅದರಲ್ಲಿ ಪೈಪನ್ನು ಎಲ್ಲಿ ಹುಡುಕುವುದು?

"ವಾಸನೆ?"

"ಉಪಗ್ರಹಕ್ಕೆ ಮೂಗಿಲ್ಲ ಮಾರಾಯ್ರೆ."

ಜೂನ್ ಬಂತು. ಇನ್ನು ನಾಲ್ಕು ತಿಂಗಳು ಕ್ಯಾಮೆರಾಕ್ಕೆ ಕಾಣುವುದು ಹೆಚ್ಚಾಗಿ ಮೋಡವೇ. "ಮಳೆಗಾಲದಲ್ಲಿ ಯಾವ ಸಮಸ್ಯೆಯೂ ಕಂಡುಬಂದಿಲ್ಲ" ಅಂತ ವರದಿ ಹೋಯಿತು. ಮೋಡದ ಆಚೆಗೂ ನೋಡುವ ರೇಡಾರ್ ಉಪಗ್ರಹಗಳಿವೆ, ಸೆಂಟಿನೆಲ್-1ರ ಚಿತ್ರಗಳು ಪುಕ್ಕಟೆ ಸಿಗುತ್ತವೆ ಎಂದೆ. ಪುಕ್ಕಟೆ ಅಂದದ್ದೇ ತಪ್ಪಾಯಿತು ನೋಡಿ. ಟೆಂಡರ್ ಇಲ್ಲದ್ದನ್ನು ಯಾವ ಫೈಲಿಗೆ ಹಾಕುವುದು ಎಂದು ಅವರಿಗೇ ತಲೆಬಿಸಿ.

ಈಗ 'ಕೆರೆ ನಿಗಾ ಕೇಂದ್ರ' ಮಂಜೂರಾಗಿದೆ. ಎರಡು ಮಹಡಿ, ಎಸಿ, ದೊಡ್ಡ ಪರದೆ. ಜಾಗ ಎಲ್ಲಿ ಅಂತ ಕೇಳಿದೆ. ಸಾಹೇಬರು ಚಿತ್ರದಲ್ಲಿ ಕಚೇರಿ ಪಕ್ಕದ ಹಸಿರು ಭಾಗಕ್ಕೆ ಬೆರಳಿಟ್ಟರು. "ಇಷ್ಟು ದೊಡ್ಡ ಖಾಲಿ ಮೈದಾನ ಉಂಟಲ್ಲ!"

ಮೊನ್ನೆ ಅಳತೆಗೆ ಬಂದ ಹುಡುಗ ಟೇಪ್ ಹಿಡಿದು ಮೈದಾನಕ್ಕೆ ಒಂದು ಹೆಜ್ಜೆ ಇಟ್ಟ. ಸೊಂಟದ ತನಕ ಹೋದ. ಅವನನ್ನು ಎಳೆದು ಹಾಕಿದೆವು. ಒಂದು ಚಪ್ಪಲಿ ಇನ್ನೂ ಸಿಕ್ಕಿಲ್ಲ.