ಉಂಡ್ರೇನ್ರಿ ಅಕ್ಕಾರ?

ಮದುವಿ ಮನ್ಯಾಗ ನಾವು ಉಣ್ಣಾಕ ಕುಂತಾಗ ಹಿಂದ ಬಂದು ಕುರ್ಚಿ ಹಿಡಕೊಂಡು ನಿಂದರ್ತಾರಲ್ರೀ, ಅವ್ರಿಗೆ ಏನು ಶಿಕ್ಷೆ ಕೊಡ್ಬೇಕು ಅಂತ ನಾನು ಹೋದ ಐತವಾರದಿಂದ ವಿಚಾರ ಮಾಡಾಕತ್ತೀನಿ, ಇನ್ನೂ ತಕ್ಕದ್ದೊಂದು ಹೊಳೀವಲ್ದು. ನಿಮಗೂ ಗೊತ್ತೈತಿ ಬಿಡ್ರಿ. ಎಲಿಗೆ ಇನ್ನೂ ಉಪ್ಪು ಬಿದ್ದಿರಂಗಿಲ್ಲ, ಆಗ್ಲೇ ಹಿಂದ ಯಾರೋ ಒಬ್ರು ತಮ್ಮ ವ್ಯಾನಿಟಿ ಬ್ಯಾಗ್ ನಮ್ಮ ಕುರ್ಚಿಗೆ ತೂಗುಹಾಕಿ ಸೀಟ್ ಬುಕ್ ಮಾಡಿರ್ತಾರ. ನಿಮಗೆಲ್ಲಾ ಅದು ಹತ್ತು ನಿಮಿಷದ ಕಿರಿಕಿರಿ, ಗಬಗಬ ಉಂಡು ಎದ್ದು ಹೋಗ್ತೀರಿ. ನನಗ ಮುಕ್ಕಾಲು ತಾಸಿಂದು. ಯಾಕಂದ್ರ ನನ್ನ ಹೊಟ್ಯಾಗ ಗ್ಯಾಸ್ಟ್ರಿಕ್ ಬ್ಯಾಂಡ್ ಐತಿ.

2012ರಾಗ ಬೆಂಗಳೂರಿಗೆ ಹೋಗಿ ಹಾಕಿಸ್ಕೊಂಡಿದ್ದು. ಆಗ ನಾನು 112 ಕಿಲೊ. ಶುಗರ್, ಬಿಪಿ, ಮೊಣಕಾಲು, ರಾತ್ರಿ ಗೊರಕಿ, ಎಲ್ಲಾ ಸೇರಿ ನನ್ನ ಹೆಸರಿನ ಫೈಲೂ ದಪ್ಪ ಆಗಿತ್ತು. ಈ ಆಪರೇಶನ್‌ನ್ಯಾಗ ಏನು ಮಾಡ್ತಾರಂದ್ರ ಜಠರದ ಮ್ಯಾಲಿನ ತುದಿಗೆ ಒಂದು ಸಿಲಿಕಾನ್ ಬಳಿ ತೊಡಸ್ತಾರ, ಬಳಿ ಮ್ಯಾಲೆ ಬರೇ ಮೂರ್ನಾಕು ಚಮಚ ಹಿಡಿಯೋವಂಥಾ ಒಂದು ಚೀಲ ಉಳಿತೈತಿ, ಉಂಡದ್ದು ಅಲ್ಲಿಂದ ಸಾವಕಾಶ ಕೆಳಗ ಇಳೀಬೇಕು, ಹಂಗಾಗಿ ನಾಕು ತುತ್ತಿಗೇ ಸಾಕು ಅನಸ್ತೈತಿ. ಹೊಟ್ಟಿ ಚರ್ಮದ ಬುಡಕ ಒಂದು ಪೋರ್ಟ್ ಇರ್ತೈತಿ, ಅದಕ್ಕ ಸೂಜಿ ಚುಚ್ಚಿ ಸಲೈನ್ ತುಂಬಿದ್ರ ಬಳಿ ಬಿಗಿ ಆಗ್ತೈತಿ, ಎಳಕೊಂಡ್ರ ಸಡ್ಲ. ಏನೂ ಕೊಯ್ದು ತಗ್ಯಾಂಗಿಲ್ಲ, ಬ್ಯಾಡಾದ್ರ ಬಿಚ್ಚಿಸಬಹುದು ಅಂದ್ರು, ಅದೊಂದು ಮಾತಿಗೆ ನಮ್ಮ ಮನ್ಯಾರು ಸಹಿ ಮಾಡಿದ್ರು.

ತೂಕ ಇಳೀತು, ಇಲ್ಲ ಅನ್ನಂಗಿಲ್ಲ. ಜಾಸ್ತಿ ಇರೋ ತೂಕದಾಗ ಸರಾಸರಿ ಅರ್ಧದಷ್ಟು ಹೋಗ್ತೈತಿ, ಅದೂ ಎರಡು-ಮೂರು ವರ್ಷ ಹಿಡೀತೈತಿ ಅಂತ ಡಾಕ್ಟ್ರು ಮೊದಲ ಹೇಳಿದ್ರು, ನಾನು 84ಕ್ಕ ಬಂದು ನಿಂತೆ, ಈಗ 90ರ ಸುತ್ತಮುತ್ತ ಅಡ್ಡಾಡಾಕತ್ತೀನಿ. ಶುಗರ್ ಗುಳಿಗಿ ಮೂರಿದ್ದದ್ದು ಒಂದಾತು. ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿ ಬಂದೆ, ಮೊದ್ಲು ನಮ್ಮ ಮನಿ ಮಾಳಿಗಿ ಹತ್ತಾಕನ ನಡುವ ಒಂದು ಸರೆ ಕುಂಡ್ರುತಿದ್ದೆ. ಅಷ್ಟು ಲಾಭ ಐತಿ. ಆದ್ರ ಊರ ಮಂದಿ ಏನು ತಿಳ್ಕೊಂಡಾರಂದ್ರ, ಆಪರೇಶನ್ ಆತು ಅಂದ್ಮ್ಯಾಲೆ ಮುಗೀತು, ಇಕಿ ಏನು ತಿಂದ್ರೂ ಬಳಿ ನೋಡ್ಕೊಂತೈತಿ ಅಂತ. ಬಳಿ ಏನೂ ನೋಡ್ಕೊಳ್ಳಂಗಿಲ್ರೀ. ಅದಕ್ಕ ಕಣ್ಣಿಲ್ಲ. ಐಸ್‌ಕ್ರೀಮ್, ಪಾಯಸ, ಮಾವಿನಹಣ್ಣಿನ ಶೀಕರಣಿ, ಇವೆಲ್ಲಾ ಯಾರಪ್ಪನ ಅಂಜಿಕೀನೂ ಇಲ್ದ ಸರ್ರಂತ ಇಳಿದು ಹೋಗ್ತಾವ. ಒಳ್ಳೇದು ಯಾವ್ಯಾವ ಅದಾವ, ತೊಪ್ಪಲ ಪಲ್ಲೆ, ನುಗ್ಗಿಕಾಯಿ, ಎರಡು ತುತ್ತು ಅನ್ನ, ಅವನ್ನ ಮಾತ್ರ ಬಾಗಲದಾಗ ನಿಂದ್ರಿಸಿ ಆಧಾರ್ ಕಾರ್ಡ್ ಕೇಳ್ತೈತಿ.

ರೊಟ್ಟಿ ಕಥಿನೂ ಉಲ್ಟಾ. ಖಡಕ್ ರೊಟ್ಟಿ ಅಗದು ನುಂಗಿದ್ರ ನಡೀತೈತಿ, ಹಂಚಿನ ಮ್ಯಾಲಿಂದ ಆಗ ತಗದ ಮೆತ್ತನ್ನ ಬಿಸಿ ರೊಟ್ಟಿ ಮಾತ್ರ ಅಂಟು ಹಿಡಕೊಂಡು ಅಲ್ಲೇ ಕುಂತಬಿಡ್ತೈತಿ. ಜೋಳದ ಸೀಮ್ಯಾಗ ಹುಟ್ಟಿ ಬಿಸಿ ರೊಟ್ಟಿಗೆ ಬ್ಯಾಡ ಅನ್ನೋದಂದ್ರ ಏನಂತ ಹೊರಗಿನ ಮಂದಿಗೆ ತಿಳಿಯಂಗಿಲ್ಲ. ಅದೂ ಮುಂಜಾನೆ ಬಳಿ ಭಾಳ ಬಿಗಿ, ಚಹಾನೂ ಗುಟುಕು ಗುಟುಕು, ಸಂಜಿಕೆ ಸ್ವಲ್ಪ ಸಡ್ಲಾಗ್ತೈತಿ, ಇದು ನನಗೊಬ್ಬಾಕಿಗೇ ಅಲ್ಲ, ಬ್ಯಾಂಡ್ ಹಾಕಿಸ್ಕೊಂಡವ್ರು ಭಾಳ ಮಂದಿ ಇದನ್ನ ಹೇಳ್ತಾರ. ಹಂಗಾಗಿ ಮುಂಜಾನೆ ಮುಹೂರ್ತದ ಮದುವಿ ಅಂದ್ರ ನನಗ ಎದಿ ಧಸಕ್ ಅಂತೈತಿ.

ಹೋದ ಐತವಾರದ್ದು ಮುಂಜಾನೆ ಮುಹೂರ್ತ. ಗಂಗಾವತ್ಯಾಗ ನಮ್ಮ ಭಾವನ ಮಗನ ಮದುವಿ.

ಎರಡ್ನೇ ಪಂಕ್ತ್ಯಾಗ ಕುಂತೆ. ಹಿಂದ ಒಬ್ಬಾಕಿ ಬಂದು ನಿಂತ್ಲು, ವಯಸ್ಸು ಐವತ್ತೈದರ ಆಚೀಚೆ, ಕಂಕಳಾಗ ಮೊಮ್ಮಗ, ಬಾಜೂಕ ಆಕಿ ಗೆಳತಿ. ನಾನು ಒಂದು ತುತ್ತು ಬಾಯಾಗಿಟ್ಟು ಅಗಿಯಾಕ ಚಾಲೂ ಮಾಡಿದೆ. ಒಂದೊಂದು ತುತ್ತೂ ಇಪ್ಪತ್ತು-ಇಪ್ಪತ್ತೈದು ಸರೆ ಅಗೀಬೇಕು, ನುಂಗಿದ ಮ್ಯಾಲೆ ಒಂದು ನಿಮಿಷ ಸುಮ್ನ ಕುಂಡ್ರಬೇಕು, ನಡುವ ನೀರು ಕುಡಿಯಂಗಿಲ್ಲ. ಇದು ನಿಯಮ. ಹಿಂದ ಕಾಮೆಂಟ್ರಿ ಚಾಲೂ ಆತು.

“ಬದನಿಕಾಯಿ ತಗೊಂಡ್ರು ನೋಡು.”

“ಹೋಳಿಗಿ ಇನ್ನೂ ಮುಟ್ಟಿಲ್ಲಲ್ಲ.”

“ಅದೇನ ಅಷ್ಟೊತ್ತು ಅಗೀತಾರವ್ವಾ, ಹಲ್ಲುನೋವೇನು?”

ನಾನು ಹೊಳ್ಳಿ ನೋಡಲಿಲ್ಲ. ಹೊಳ್ಳಿ ನೋಡಿದ್ರ ಲೆಕ್ಕ ತಪ್ಪತೈತಿ. ಅಷ್ಟರಾಗ ಆ ಹುಡುಗ ಕಂಕಳದಿಂದ ಬಗ್ಗಿ ನನ್ನ ಎಲ್ಯಾಗಿನ ಹಪ್ಪಳಕ್ಕ ಕೈ ಹಾಕ್ದ. ಆಕಿ, “ಬ್ಯಾಡಪಾ ರಾಜಾ, ಅವ್ರದ್ದು ಮುಗೀಲಿ, ನಿನಗೂ ಅದ ಜಾಗಾ,” ಅಂದ್ಲು. ಅಂದ್ರ ನಾನು ಉಣ್ಣಾಕ ಬಂದಾಕೀನ ಅಲ್ಲ, ಅವ್ರ ಜಾಗಾ ಕಾಯಾಕ ಕುಂತಾಕಿ. ಹಪ್ಪಳ ಕೊಟ್ಟೆ. ಅಂವ ಅದನ್ನ ನನ್ನ ನೆತ್ತಿ ಮ್ಯಾಲೇ ಹಿಡಕೊಂಡು ಕಟುಂ ಕಟುಂ ಕಡಿಯಾಕತ್ತ, ಚೂರೆಲ್ಲಾ ನನ್ನ ಕೊಳ್ಳಿನ್ಯಾಗಿಂದ ಕುಬಸದಾಗ ಇಳ್ಯಾಕತ್ತುವು. ನಾನು ಹದಿನೆಂಟು, ಹತ್ತೊಂಬತ್ತು ಅನಕೋಂತ ಅಗೀಯಾಕತ್ತೀನಿ, ಬೆನ್ನಾಗ ಹಪ್ಪಳ ಚುಚ್ಚಾಕತ್ತೈತಿ, ಕೆರಕೊಳ್ಳಾಕ ಬಲಗೈ ಎಂಜಲ, ಎಡಗೈ ಮುಟ್ಟವಲ್ದು.

ಆಚೀಚೆಯವ್ರು ಎದ್ದು ಹೋದ್ರು. ಟೇಬಲ್ ಪೇಪರ್ ಸುತ್ತೋ ಹುಡುಗ್ರು ಬಂದ್ರು. ಆ ಕಡೆ ತುದಿಯಿಂದ ಪೇಪರ್, ಎಲಿ, ಉಳಿದ ಸಾಂಬಾರು ಎಲ್ಲಾ ಕೂಡಿ ಸುತಗೋಂತ ಸುತಗೋಂತ ಬಂದು ನನ್ನ ಎಲಿ ಮುಂದ ನಿಂತ್ರು. ಒಬ್ಬ ಆ ಸುರುಳಿನ ಎರಡೂ ಕೈಲೆ ತಬ್ಬಿಕೊಂಡಾನ, ಕೆಳಗ ಸಾಂಬಾರು ತೊಟ್ಟಿಕ್ಕಾಕತ್ತೈತಿ. “ಉಂಡ್ರೇನ್ರಿ ಅಕ್ಕಾರ?” ಅಂದ. ಬಾಯಾಗ ತುತ್ತೈತಿ, ಕೈಲೆ ಇಲ್ಲ ಅಂದೆ. ಅಂವ ಮೊದ್ಲು ನನ್ನ ಮುಖ ನೋಡ್ದ, ಆಮ್ಯಾಲೆ ಎಲಿ ನೋಡ್ದ, ಆಮ್ಯಾಲೆ ನನ್ನ ಎಲಿ ಸುತ್ತ ಪೇಪರ್ ಹರದು, ನನಗಷ್ಟು ಬಿಟ್ಟು, ಆ ಕಡಿಂದ ಮತ್ತ ಸುತ್ತಾಕ ಹೋದ. ಒಂದು ಚಾಪಿಯಷ್ಟು ಪೇಪರ್ ಮ್ಯಾಲೆ ನಾನು, ನನ್ನ ಎಲಿ, ಮುಟ್ಟದ ಹೋಳಿಗಿ.

ಮೂರ್ನೇ ಪಂಕ್ತಿ ಕುಂತೇಬಿಟ್ತು. ನನ್ನ ಎರಡೂ ಬಾಜೂ ಹೊಸಾ ಪೇಪರ್, ಹೊಸಾ ಎಲಿ. ಬಡಿಸೋ ಹುಡುಗ ಉಪ್ಪಿನ ತಟ್ಟಿ ಹಿಡಕೊಂಡು ಓಡಿ ಬಂದ, ನನ್ನ ಎಲಿಗೂ ಉಪ್ಪು ಹಾಕ್ದ. ಹಿಂದ ಕೋಸಂಬರಿಯವ ಬಂದ, ಹಾಕ್ದ. ಪಲ್ಲೆಯವ ಹಾಕ್ದ. ಅವ್ರಿಗೇನು ಗೊತ್ರೀ, ಅವ್ರು ಮುಖ ನೋಡಂಗಿಲ್ಲ, ಎಲಿ ಇದ್ದಲ್ಲಿ ಹಾಕ್ಕೋಂತ ಹೋಗೋದು. ಅದ ಹೊತ್ತಿಗೆ ವಿಡಿಯೋದವ ಲೈಟ್ ಹಿಡಕೊಂಡು ಬಂದ, ಎರಡ್ನೇ ಪಂಕ್ತ್ಯಾಗೂ ನನ್ನ ತಗದಿದ್ದ, ಮೂರ್ನೇದ್ರಾಗೂ ತಗದ. ಹಿಂದಿನಾಕಿಗೆ ಸಿಟ್ಟು ನೆತ್ತಿಗೇರಿತ್ತು, ಜಾಗಾ ಸಿಗದ ಬ್ಯಾರೆ ಕುರ್ಚಿ ಹುಡಿಕ್ಕೊಂಡು ಹೋಗೂವಾಗ ಗೆಳತಿಗೆ ಎಲ್ಲಾರಿಗೂ ಕೇಳಂಗ ಹೇಳಿದ್ಲು, “ಎರಡು ಪಂಕ್ತಿ ಉಂಡ್ರು ನೋಡವ್ವಾ, ಅದಕ್ಕ ಮೈ ಹಂಗೈತಿ.”

ಒಟ್ಟು ನನ್ನ ಹೊಟ್ಟಿಗೆ ಹೋದದ್ದು ಆರು ತುತ್ತು. ಆ ಮಾತು ಕೇಳಿ ಏಳ್ನೇದನ್ನ ಅಗೀಲಾರದ ನುಂಗಿದೆ, ಗಂಗಾವತಿ ಸೋನಾ ಮಸೂರಿ ಅನ್ನ, ಅದು ಬಳಿ ಕಡೆ ಹೋಗಿ ಗಟ್ಟಿಯಾಗಿ ಕುಂತ್ತು.

ಸಿಕ್ಕೊಂಡ್ರ ಹೆಂಗಿರ್ತೈತಿ ಅಂದ್ರ, ಎದಿ ನಡುವ ಯಾರೋ ಹೆಬ್ಬಟ್ಟು ಒತ್ತಿ ಹಿಡದಂಗ ಆಗ್ತೈತಿ, ಬಾಯಾಗ ಬುಸುಬುಸು ನೊರಿಜೊಲ್ಲು ಬರ್ತೈತಿ, ಮಾತಾಡಾಕ ಬರಂಗಿಲ್ಲ. ಕೈ ತೊಳಿಯೋ ಕಡೆ ಹೋಗಿ ಬಗ್ಗಿ ನಿಂದ್ರಬೇಕು, ಒಂದೋ ಕೆಳಗ ಇಳೀಬೇಕು, ಇಲ್ಲಾ ಹೊಳ್ಳಿ ಬರ್ಬೇಕು. ಮೊದಮೊದಲು ಹಿಂಗ ಆದಾಗ ಮದುವಿ ಮನ್ಯಾಗಿನ ಹೆಣ್ಮಕ್ಕಳು ನನ್ನ ಬೆನ್ನು ಸವರಿ, “ಏನರೆ ವಿಶೇಷ ಐತೇನವ್ವಾ?” ಅಂತ ಖುಷಿಲೆ ಕೇಳ್ತಿದ್ರು. ಈಗ ಯಾರೂ ಹಂಗ ಕೇಳಂಗಿಲ್ಲ, ಪಿತ್ತ ಅಂತಾರ. ವಯಸ್ಸಾತು ಅನ್ನೋದು ಹಿಂಗೂ ತಿಳೀತೈತಿ.

ಅಲ್ಲಿ ನಮ್ಮ ಸಣ್ಣತ್ತಿ ಬಂದ್ಲು, ಕೈಯಾಗ ಸೋಡಾ ಬಾಟ್ಲಿ. ಆಕಿ ಹತ್ರ ಎಲ್ಲಾದಕ್ಕೂ ಸೋಡಾನ ಔಷಧ. ಬ್ಯಾಂಡ್ ಇದ್ದವ್ರು ಸೋಡಾ ಕುಡದ್ರ ಆ ಮೂರ್ನಾಕು ಚಮಚದ ಚೀಲದಾಗ ಗ್ಯಾಸ್ ತುಂಬಿ ಜೀವ ಹೋದಂಗ ಆಗ್ತೈತಿ ಅಂತ ನಾನು ಆಕಿಗೆ ವರ್ಷಗಟ್ಟಲೆ ಹೇಳಿಕೋಂತ ಬಂದೀನಿ. “ಅದು ಬೆಂಗಳೂರು ಸೋಡಾ ಇದ್ದೀತು, ಇದು ನಿಂಬಿಹಣ್ಣಿಂದು,” ಅಂತಾಳ.

ಸಣ್ಣಪುಟ್ಟವು ಇನ್ನೂ ಭಾಳ ಆಗ್ಯಾವ. ಆಪರೇಶನ್ ಆಗಿ ನಾಕು ತಿಂಗಳಿಗೆ ಕೂದ್ಲ ಹಣಗಿ ತುಂಬ ಬರಾಕತ್ತುವು. ತೂಕ ಜಲ್ದಿ ಇಳದ್ರ ಹಂಗ ಆಗ್ತೈತಿ, ಆಮ್ಯಾಲೆ ಬರ್ತಾವ ಅಂತ ಡಾಕ್ಟ್ರು ಅಂದ್ರು, ಬಂದುವು ಖರೆ. ಆದ್ರ ನಮ್ಮ ಕೊಪ್ಪಳದ ಮಗ್ಗಲಕ ಭಾಗ್ಯನಗರ ಐತಲ್ರೀ, ಊರಿಗೆ ಊರ ಕೂದ್ಲ ವ್ಯಾಪಾರ, ಅಲ್ಲಿಗೆ ಕೂದ್ಲ ಕೂಡಿಸಿ ಕೊಡೋರು ಓಣಿಗೆ ಬಂದಾಗ ನಮ್ಮ ಅತ್ತಿ ನನ್ನ ಕೂದ್ಲ ಗಂಟೆಲ್ಲಾ ಕೊಟ್ಟು ಒಂದು ಸ್ಟೀಲ್ ಡಬ್ಬಿ ಇಸಗೊಂಡ್ಲು. ಆ ಡಬ್ಬ್ಯಾಗ ಈಗ ಶೇಂಗಾ ಚಟ್ನಿ ಐತಿ, ನನ್ನ ಕಬ್ಬಿಣಾಂಶದ ಗುಳಿಗಿ, ವಿಟಮಿನ್ ಗುಳಿಗಿ ಅದರ ಬಾಜೂಕ. ಇನ್ನ ತೋಳಿನ ಚರ್ಮ, ತೂಕ ಹೋತು, ಅದು ಹೋಗಲಿಲ್ಲ, ಬೋರ್ಡ್ ಮ್ಯಾಲೆ ಬರಿಯೂವಾಗ ಅದೂ ನನ್ನ ಕೂಡ ಬರೀತೈತಿ, ಹಿಂದಿನ ಬೆಂಚಿನ ಹುಡುಗ್ರು ನಗತಾರ.

ಬ್ಯಾಂಡ್ ತೋರ್ಸಾಕ ಹಂಪಿ ಎಕ್ಸ್‌ಪ್ರೆಸ್‌ನ್ಯಾಗ ರಾತ್ರಿಯೆಲ್ಲಾ ಕುಂತು ಬೆಂಗಳೂರಿಗೆ ಹೋಗ್ಬೇಕು. ಹೋದ ಸಲ ಹೊಸಾ ಹುಡುಗ ಡಾಕ್ಟ್ರು ಇದ್ರು, ಫೈಲ್ ನೋಡಿ, “ಅಮ್ಮಾ, ಇನ್ನೂ ಇಟ್ಕೊಂಡಿದೀರಾ?” ಅಂತ ಕೇಳಿದ್ರು, ಮತ್ತಿಬ್ರು ಹುಡುಗ್ರನ್ನೂ ಕರದು ತೋರಿಸಿದ್ರು. ಈಗ ಬ್ಯಾಂಡ್ ಹಾಕೋದು ಭಾಳ ಕಡಿಮಿ ಆಗೇತಂತ, ಸ್ಲೀವ್ ಅಂತ ಮಾಡ್ತಾರ, ಹೊಟ್ಟಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕೊಯ್ದು ತಗದೇಬಿಡೋದು. ಬ್ಯಾಂಡ್ ಕೆಲವ್ರಿಗೆ ಜಾರ್ತೈತಿ, ಕೆಲವ್ರಿಗೆ ಜಠರದ ಗೋಡಿ ಕೊರದು ಒಳಗ ಹೋಗ್ತೈತಿ, ಎಷ್ಟೋ ಮಂದಿ ಬಿಚ್ಚಿಸಿ ಬಿಟ್ಟಾರ. ನಂದು ಜಾರಿಲ್ಲ, ಕೊರದಿಲ್ಲ. ಬಿಚ್ಚಿಸ್ಲಿ ಏನ್ರಿ ಅಂತ ಕೇಳಿದೆ, ತ್ರಾಸಿಲ್ಲಂದ್ರ ಇರ್ಲಿ, ವರ್ಷಕ್ಕೊಮ್ಮೆ ಬಂದು ತೋರ್ಸ್ರಿ ಅಂದ್ರು. ತ್ರಾಸು ಐತಿ, ಆದ್ರ ಅದು ಹೊಟ್ಟ್ಯಾಗಿಲ್ಲ, ಕುರ್ಚಿ ಹಿಂದ ನಿಂತೈತಿ ಅಂತ ಅವ್ರಿಗೆ ಹೆಂಗ ಹೇಳೋದು?

ಒಮ್ಮೊಮ್ಮೆ ನಮ್ಮ ಅವ್ವ ನೆನಪಾಗ್ತಾಳ. ಆಕಿ ಒಲಿ ಮುಂದ ಕುಂತು ಬಡೀತಿದ್ಲು, ನಾವು ಐದು ಮಂದಿ ಸುತ್ತ ಕುಂತು ಆಕಿ ಕೈಯಿಂದ ಇಳಿದ ರೊಟ್ಟಿಗೆ ಜಗಳಾಡ್ತಿದ್ವಿ, ಪುಂಡಿಪಲ್ಲೆ, ಮ್ಯಾಲೆ ಹಸಿ ಉಳ್ಳಾಗಡ್ಡಿ. ಯಾರು ಎಷ್ಟು ತಿಂದ್ರು ಅಂತ ಲೆಕ್ಕ ಇರಲಿಲ್ಲ, ಎಷ್ಟು ಸರೆ ಅಗದ್ರಿ ಅಂತ ಮೊದ್ಲ ಇರಲಿಲ್ಲ. ಆಪರೇಶನ್ ಆಗೋಕ್ಕಿಂತ ಮೊದಲ ಆಕಿ ಹೋದ್ಲು. ನಾನು ಒಂದು ರೊಟ್ಟ್ಯಾಗ ಕಾಲು ಭಾಗಕ್ಕ ಕೈ ತೊಳಿಯೋದು ನೋಡಿದ್ರ, ಅಡಿಗಿ ಸೇರಲಿಲ್ಲ ಅಂತ ಮೂರು ದಿನ ಮಾತು ಬಿಡ್ತಿದ್ಲು.

ಇನ್ನ ಈ ವರ್ಷದ ಗವಿಮಠದ ಜಾತ್ರಿದು ಹೇಳಿ ಬಿಡ್ತೀನಿ. ತೇರಿನ ಮರುದಿನ ದಾಸೋಹದಾಗ ಮಿರ್ಚಿ, ಸಾಲಾಗಿ ಕೊಪ್ಪರಿಗಿ ಇಟ್ಟು ಲಕ್ಷಗಟ್ಲೆ ಕರಿಯೋದನ್ನ ನೋಡಾಕನ ಮಂದಿ ಬರ್ತಾರ. ಸಣ್ಣತ್ತಿ ಕೂಡ ಹೋಗಿದ್ದೆ. ಮಿರ್ಚಿ ಹಿಟ್ಟು ನನಗ ನಡೀತೈತಿ, ಒಳಗಿನ ಮೆಣಸಿನಕಾಯಿ ಸಿಪ್ಪಿ ಸಿಕ್ಕೊಳ್ತೈತಿ. ಸಣ್ಣತ್ತಿ ಹೇಳೂಕಿಂತ ಮೊದಲ ನನ್ನ ಮಿರ್ಚಿ ಇಸಗೊಂಡು, ಎರಡು ಮಾಡಿ, ಮೆಣಸಿನಕಾಯಿ ಎಳದು ತನ್ನ ತಾಟಿನ್ಯಾಗ ಹಾಕ್ಕೊಂಡು, ಹಿಟ್ಟಿನ ಕವಚ ನನಗ ಕೊಟ್ಲು. ಸೋಡಾ ಬಿಟ್ರ ಉಳಿದದ್ದು ಎಲ್ಲಾ ಆಕಿಗೆ ಗೊತ್ತೈತಿ. ಹೋಗ್ಲಿ ಪಾಪ, ಒಳ್ಳೇಕಿ ಅಂತ ನಾನು ಅನ್ಕೊಳ್ಳಾಕತ್ತಿದ್ದೆ, ಅಷ್ಟರಾಗ ಆಕಿ ಬಾಜೂಕ ಕುಂತಿದ್ದ ಗುರುತು ಪರಿಚಯ ಇಲ್ಲದ ಮುದುಕಿಗೆ ಹೇಳೇಬಿಟ್ಲು.

“ನಮ್ಮ ಹುಡುಗಿ ಹೊಟ್ಯಾಗ ಬಳಿ ಹಾಕ್ಯಾರ್ರಿ, ಅದಕ್ಕ ಹಿಂಗ ತಿಂತಾಳ.”

ಮುದುಕಿ ನನ್ನ ಹೊಟ್ಟಿನ ಮೇಲಿಂದ ಕೆಳತನಕ ನೋಡಿ, “ಬಂಗಾರದ್ದೇನ್ರಿ?” ಅಂದ್ಲು.

“ಅಲ್ರೀ, ರಬ್ಬರಿಂದು,” ಅಂದ್ಲು ಸಣ್ಣತ್ತಿ. “ಆದ್ರ ಆ ರೊಕ್ಕದಾಗ ಆಗ ಎರಡು ಜೊತಿ ಬಿಲ್ವಾರ ಬರ್ತಿದ್ವು.”