ಮಂಡಿ ಮುಳುಗದ ಟಬ್ಬು

ಶನಿವಾರ ಮಧ್ಯಾಹ್ನ, ಸ್ಯಾನಿಟರಿ ಅಂಗಡಿಯ ನಟ್ಟನಡುವೆ, ಪ್ಯಾಂಟು ಶರ್ಟು ತೊಟ್ಟು, ಬೂಟು ಮಾತ್ರ ಕಳಚಿಟ್ಟು, ನೀರಿಲ್ಲದ ಬಾತ್‌ಟಬ್ಬಿನಲ್ಲಿ ನಾನು ಅಂಗಾತ ಮಲಗಿದ್ದೆ.

"ಆರಾಮಾಗಿ ಕಾಲು ಚಾಚಿ ಸಾರ್" ಅಂದ ಅಂಗಡಿ ಹುಡುಗ.

ಚಾಚಿಯೇ ಇದ್ದೆ. ಚಾಚಿದ್ದೇ ಅಷ್ಟು. ಮಂಡಿಗಳೆರಡೂ ಜೋಡಿ ಗೋಪುರದ ಹಾಗೆ ಎದ್ದು ನಿಂತಿದ್ದವು. ಪಕ್ಕದಲ್ಲಿ ಕಮೋಡು ಆರಿಸುತ್ತಿದ್ದ ಸಂಸಾರವೊಂದು ತಮ್ಮ ಕೆಲಸ ಬಿಟ್ಟು ನನ್ನನ್ನು ನೋಡುತ್ತಿತ್ತು. ನನ್ನ ಹೆಂಡತಿ ಮಾತ್ರ ನನ್ನ ಕಾಲ್ಚೀಲದ ತೂತನ್ನೇ ನೋಡುತ್ತಿದ್ದಳು.

ಐದಡಿ ಟಬ್ಬು ಅಂದರೆ ಐದಡಿ ಮಲಗಬಹುದು ಎಂದು ನಂಬಿದವನು ನಾನು. ಆ ಐದಡಿ ಅಂಚಿನಿಂದ ಅಂಚಿಗೆ. ಅಂಚಿನ ಅಗಲ, ಬೆನ್ನಿನ ಕಡೆಯ ಇಳಿಜಾರು ಎಲ್ಲ ಕಳೆದರೆ ತಳದಲ್ಲಿ ನಾಲ್ಕಡಿಯೂ ಉಳಿಯುವುದಿಲ್ಲ. ನಾನು ಐದು ಅಡಿ ಹತ್ತು ಇಂಚು. ಭುಜ ಒಳಗೆ ಹೋದರೆ ಮಂಡಿ ಹೊರಗೆ, ಮಂಡಿ ಒಳಗೆ ಹೋದರೆ ಭುಜ ಹೊರಗೆ. ಇಡೀ ಮನುಷ್ಯ ಒಂದೇ ಸಲ ಮುಳುಗುವ ಯೋಗ ಆ ಟಬ್ಬಿನಲ್ಲಿಲ್ಲ.

ಹಾಗಾದರೆ ದೊಡ್ಡದೇ ತಗೊಳ್ಳೋಣ ಅಂದರೆ ನಮ್ಮದು ಮೂವತ್ತು ನಲವತ್ತರ ಸೈಟು. ಮಹಡಿ ಮೇಲಿನ ಬಾತ್‌ರೂಮಿನಲ್ಲಿ ಟಬ್ಬಿಗೆಂದು ಬಿಟ್ಟಿದ್ದ ಗೋಡೆ ಸರಿಯಾಗಿ ಐದೇ ಅಡಿ. ಹುಡುಗ ಮೂಲೆಗಿಡುವ ತ್ರಿಕೋನದ ಟಬ್ಬು ತೋರಿಸಿದ, ಗುಳುಗುಳು ಎಂದು ನೊರೆಯೇಳಿಸುವ ಜಕೂಜಿ ತೋರಿಸಿದ. ಗೋಡೆಗೆ ತಾಗದೆ ನಡುವೆ ನಿಲ್ಲುವ, ಮೊಟ್ಟೆಯ ಆಕಾರದ ಬಿಳಿ ಟಬ್ಬೊಂದರ ಮುಂದೆ ನಾನು ಕರಗಿಹೋದೆ. "ಅದರ ಹಿಂದೆ ಬಗ್ಗಿ ಗುಡಿಸೋರು ಯಾರು?" ಎಂದಳು ಹೆಂಡತಿ. ಅಲ್ಲಿಗೆ ಅದು ಮುಗಿಯಿತು.

"ಡ್ರೈನ್ ಎಡಕ್ಕೋ ಬಲಕ್ಕೋ ಸಾರ್?"

ಟಬ್ಬಿನಲ್ಲೂ ಎಡಚ, ಬಲಚ ಇದೆಯೆಂದು ಅಂದೇ ಗೊತ್ತಾಗಿದ್ದು. ಪ್ಲಂಬರ್‌ಗೆ ಫೋನ್ ಮಾಡಿದೆ. "ಯಾವುದಾದ್ರೂ ತನ್ನಿ ಸಾರ್, ಅಡ್ಜಸ್ಟ್ ಮಾಡೋಣ" ಅಂದ. ಈ 'ಅಡ್ಜಸ್ಟ್' ಎಂಬ ಶಬ್ದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಟಬ್ಬು ಮನೆಗೆ ಬಂದಾಗ ಊರಿಂದ ಅಮ್ಮನೂ ಬಂದಿದ್ದಳು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಬಚ್ಚಲಿನಲ್ಲಿ ಈಗಲೂ ತಾಮ್ರದ ಹಂಡೆಯಿದೆ. ಕೆಳಗೆ ಅಡಿಕೆ ಸಿಪ್ಪೆಯ ಬೆಂಕಿ, ಗೋಡೆಗೆಲ್ಲ ಮಸಿ, ಮೂಗಿಗೆಲ್ಲ ಹೊಗೆ. ಆ ನೀರನ್ನು ಚೊಂಬಿನಲ್ಲಿ ಮೊಗೆದು ಬೆನ್ನಿಗೆ ಹುಯ್ದರೆ ಮೈಯೆಲ್ಲ ಕೆಂಪಾಗಬೇಕು, ಅದು ಸ್ನಾನ. ಟಬ್ಬನ್ನು ಮೂರು ಸುತ್ತು ನೋಡಿದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಇದರೊಳಗೇ ಕೂತು, ಇದರೊಳಗೇ ಸೋಪು ಹಚ್ಚಿ, ಇದರೊಳಗೇ ಮುಳುಗಿದ್ರೆ ಮೈಯ ಕೊಳೆ ಎಲ್ಲಿಗೆ ಹೋಗ್ತದೆ ಮಾರಾಯ?"

ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಅಷ್ಟರಲ್ಲಿ ಮೇಲಿನಿಂದ ಮೇಸ್ತ್ರಿ ಕೂಗಿದ. ಟಬ್ಬು ಕೂರುತ್ತಿಲ್ಲ. ನಾನು ಟೇಪು ಹಿಡಿದು ಅಳೆದಾಗ ಗೋಡೆ ಬರೀ ಇಟ್ಟಿಗೆಯಾಗಿತ್ತು, ಸರಿಯಾಗಿ ಅರವತ್ತು ಇಂಚು. ಆಮೇಲೆ ಅದಕ್ಕೆ ಗಾರೆ ಬಂತು, ಗಾರೆಯ ಮೇಲೆ ಟೈಲ್ಸು ಬಂತು. ಆ ಕಡೆ ಒಂದೂವರೆ ಇಂಚು, ಈ ಕಡೆ ಒಂದೂವರೆ ಇಂಚು. ಅರವತ್ತಿಂಚಿನ ಟಬ್ಬಿಗೆ ಈಗ ಐವತ್ತೇಳಿಂಚಿನ ಜಾಗ. ಎರಡು ದಿನದ ಹಿಂದಷ್ಟೇ ಅಂಟಿಸಿದ ಟೈಲ್ಸನ್ನು, ಅದೇ ಮೇಸ್ತ್ರಿ, ಅದೇ ಕೂಲಿಗೆ, ಅಷ್ಟೇ ಶ್ರದ್ಧೆಯಿಂದ ಒಡೆದ. ಗೋಡೆ ಕೊರೆದು ಟಬ್ಬನ್ನು ಎರಡೂ ಕಡೆ ಸಿಕ್ಕಿಸಿದರು. ಮುಂದೆ ಇಟ್ಟಿಗೆಯ ಸಣ್ಣ ಗೋಡೆ ಕಟ್ಟಿ ಟೈಲ್ಸು ಹಚ್ಚಿದರು. ಒಳಗೆ ಕೈ ಹಾಕಲು ಒಂದು ಪುಟ್ಟ ಬಾಗಿಲು ಬಿಡಬೇಕಿತ್ತು. "ನೋಡೋಕೆ ಚೆನ್ನಾಗಿರಲ್ಲ ಸಾರ್" ಎಂದು ಮೇಸ್ತ್ರಿ ಹೇಳಿದ್ದಕ್ಕೆ ತಲೆಯಾಡಿಸಿದವನು ನಾನೇ.

ಗೃಹಪ್ರವೇಶವಾಗಿ ಮೊದಲ ಭಾನುವಾರ. ಟಬ್ ಸ್ನಾನದ ಮುಹೂರ್ತ.

ಲೆಕ್ಕವನ್ನು ಮೊದಲೇ ಹಾಕಬೇಕಿತ್ತು. ಟಬ್ಬಿಗೆ ಹಿಡಿಯುವುದು 200 ಲೀಟರ್. ಅದು ಮೈಗೆ ಹಿತವಾಗಬೇಕಾದರೆ ಅದರಲ್ಲಿ 80, 90 ಲೀಟರಾದರೂ ಚುರುಕು ಬಿಸಿನೀರಿರಬೇಕು. ನಮ್ಮ ಗೀಸರು 25 ಲೀಟರಿನದು, ಒಂದು ಸಲ ಕಾಯಲು ಅರ್ಧ ಗಂಟೆ. ಅಂದರೆ ನಾಲ್ಕು ಸಲ ಕಾಯಿಸಬೇಕು, ಒಟ್ಟು ಎರಡು ಗಂಟೆ. ನಾಲ್ಕನೆಯ ಸಲದ ನೀರು ಬೀಳುವ ಹೊತ್ತಿಗೆ ಮೊದಲನೆಯದು ತಣ್ಣಗಾಗಿ ತನ್ನ ಕರ್ತವ್ಯ ಮರೆತಿರುತ್ತದೆ. ಕಡೆಗೆ ಅಡುಗೆಮನೆಯ ಗ್ಯಾಸ್ ಒಲೆಯ ಮೇಲೆ ಎರಡು ಡಬರಿ ಏರಿದವು. ಹಬೆಯಾಡುವ ಡಬರಿಯನ್ನು ಮಸಿಬಟ್ಟೆಯಲ್ಲಿ ಹಿಡಿದು ಹದಿನೆಂಟು ಮೆಟ್ಟಿಲು ಹತ್ತುತ್ತ ಹೆಂಡತಿ ಏನೂ ಮಾತಾಡಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಮಾತಾಡದೆ ಇರುವುದಕ್ಕೆ ನಾನು ಹೆದರುವಷ್ಟು ಇನ್ಯಾವುದಕ್ಕೂ ಹೆದರಿದ್ದಿಲ್ಲ.

ಅಂತೂ ಇಳಿದೆ. ಭುಜ ಮುಳುಗಿತು, ಮಂಡಿ ತೇಲಿತು. ಕಣ್ಣು ಮುಚ್ಚಿದೆ. ನಿಜ ಹೇಳುತ್ತೇನೆ, ಮೊದಲ ನಾಲ್ಕು ನಿಮಿಷ ಸ್ವರ್ಗ.

ಸಿರಾಕ್ಯೂಸಿನ ಆರ್ಕಿಮಿಡೀಸ್ ಟಬ್ಬಿಗಿಳಿದಾಗ ನೀರು ಮೇಲೇರಿದ್ದು ಕಂಡು ಎದ್ದು ಓಡಿದನಂತೆ. ನನಗೆ ನೀರು ಮೇಲೇರಿದ್ದು ಕಾಣಲಿಲ್ಲ. ಕೆಳಗಿಳಿದದ್ದು ಅಮ್ಮನಿಗೆ ಕಂಡಿತು.

ಹಾಲಿನಲ್ಲಿ ಚಾಪೆ ಹಾಸಿಕೊಂಡು ಅಮ್ಮ ಹೂಬತ್ತಿ ಹೊಸೆಯುತ್ತಿದ್ದಳು. ತಟ್ಟೆ ತುಂಬ ಬೆಳ್ಳಗೆ ನಿಂತಿದ್ದ ಬತ್ತಿಗಳ ಮೇಲೆ ಸೂರಿನಿಂದ ಒಂದು ಹನಿ ಬಿತ್ತು. ಎರಡು ಬಿತ್ತು. ಆಮೇಲೆ ಲೆಕ್ಕ ಹಾಕುವಂತಿರಲಿಲ್ಲ. "ಅಯ್ಯೋ, ಮೇಲೆ ಏನಾಯ್ತೋ!" ಎಂಬ ಕೂಗಿಗೆ ನಾನೂ ಎದ್ದು ಓಡಿದೆ. ಆರ್ಕಿಮಿಡೀಸನಿಗೂ ನನಗೂ ವ್ಯತ್ಯಾಸ ಒಂದೇ, ನಾನು ಟವೆಲ್ ಸುತ್ತಿಕೊಂಡಿದ್ದೆ.

ಟಬ್ಬಿನ ಮೇಲ್ಭಾಗದಲ್ಲಿ ಥಳಥಳಿಸುವ ದುಂಡನೆಯ ಬಿಲ್ಲೆಯೊಂದಿರುತ್ತದೆ. ನೀರು ಹೆಚ್ಚಾದರೆ ಅದರ ಹಿಂದಿನ ಪೈಪಿನಿಂದ ಹರಿದುಹೋಗಬೇಕು. ಎಡಚ ಟಬ್ಬನ್ನು ಬಲಚ ಪೈಪಿಗೆ 'ಅಡ್ಜಸ್ಟ್' ಮಾಡುವ ಸಂಭ್ರಮದಲ್ಲಿ ನಮ್ಮ ಪ್ಲಂಬರ್ ಅಲ್ಲಿಗೆ ಪೈಪನ್ನೇ ಕೊಟ್ಟಿರಲಿಲ್ಲ. ಎಂಬತ್ತು ಕಿಲೋದ ನಾನು ಒಳಗೆ ಕೂತಾಗ ಮಂಡಿಯಷ್ಟು ಬಿಟ್ಟು ಮಿಕ್ಕ ನನ್ನ ಗಾತ್ರದ ನೀರೆಲ್ಲ ಆ ತೂತಿನಿಂದ ಟಬ್ಬಿನಡಿಗೆ ಸೇರಿ, ಪೈಪಿನ ಪಕ್ಕದ ಸಂದಿ ಹುಡುಕಿಕೊಂಡು ಹಾಲಿಗಿಳಿದಿತ್ತು.

"ಅದು ಡಿಸೈನ್ ಅಂದ್ಕೊಂಡಿದ್ದೆ ಸಾರ್" ಅಂದ ಪ್ಲಂಬರ್. ಪುಟ್ಟ ಬಾಗಿಲಿಲ್ಲದ್ದರಿಂದ ಟೈಲ್ಸು ಮತ್ತೆ ಒಡೆಯಿತು. ಒಳಗೆ ಜಿರಲೆಗಳ ಒಂದು ಅವಿಭಕ್ತ ಕುಟುಂಬ ನಮಗಿಂತ ಮೊದಲೇ ಗೃಹಪ್ರವೇಶ ಮಾಡಿಕೊಂಡಿತ್ತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ದುರಸ್ತಿಯಾದ ಮೇಲೆ ಏಳೆಂಟು ಸಲ ಟಬ್ಬಿಗಿಳಿದಿರಬಹುದು. ಪ್ರತಿ ಸಲವೂ ಎದ್ದ ಮೇಲೆ ಅಮ್ಮನ ಅಪ್ಪಣೆಯಂತೆ ಎರಡು ಚೊಂಬು ಒಳ್ಳೆ ನೀರು ಹುಯ್ದುಕೊಂಡೆ. ಅಷ್ಟರಲ್ಲಿ 2024ರ ಮಾರ್ಚ್ ಬಂತು. ಬೆಂಗಳೂರಿನ ಬೋರ್‌ವೆಲ್ಲುಗಳು ಕೈಯೆತ್ತಿದವು, ಟ್ಯಾಂಕರಿನವನು ಫೋನ್ ಎತ್ತುವುದನ್ನು ಬಿಟ್ಟ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಪಟ್ಟಿಗೆ ಈಜುಕೊಳವೂ ಸೇರಿತು. ನಾನು ಪೇಪರಿನಲ್ಲಿ ಪಟ್ಟಿಯನ್ನು ಎರಡೆರಡು ಸಲ ಓದಿದೆ, ಬಾತ್‌ಟಬ್ ಇರಲಿಲ್ಲ. ಯಾವ ಬುದ್ಧಿವಂತನ ಮನೆಯಲ್ಲಿ ಇದ್ದೀತು ಎಂದುಕೊಂಡರೇನೋ. ನಗರದವನೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಲೆಕ್ಕ. ಅದರ ಪ್ರಕಾರ ಟಬ್ಬಿನಲ್ಲಿ ಕೂತಾಗ ನಾನು ಒಂದೂವರೆ ಮನುಷ್ಯ. ಅಂದಿನಿಂದ ನೀರು ಬಿಡುವ ದಿನ ಟಬ್ಬನ್ನು ಅಂಚಿನವರೆಗೆ ತುಂಬಿ, ಮೇಲೊಂದು ಪ್ಲೈವುಡ್ ಹಲಗೆ ಮುಚ್ಚಿ, ಅದರ ಮೇಲೆ ಬಕೆಟ್ಟು ಇಡುವುದು ರೂಢಿಯಾಯಿತು.

ದೀಪಾವಳಿಗೆ ಅಮ್ಮ ಮತ್ತೆ ಬಂದಳು. ಕೈಚೀಲದಲ್ಲಿ ಹಿಂಡ್ಲೆಕಾಯಿ ಬಳ್ಳಿ ಇತ್ತು. ಊರಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ ತೊಳೆದು, ಅದರ ಕುತ್ತಿಗೆಗೆ ಆ ಬಳ್ಳಿ ಸುತ್ತುತ್ತಾರೆ. ಇಲ್ಲಿ ಹಂಡೆಯೆಲ್ಲಿ ಎಂದು ನಾನು ಯೋಚಿಸುವಷ್ಟರಲ್ಲಿ ಅಮ್ಮ ಮಹಡಿ ಹತ್ತಿಯಾಗಿತ್ತು. ಟಬ್ಬಿನ ಅಂಚಿನುದ್ದಕ್ಕೂ ಬಳ್ಳಿ ಹರಡಿ, ನಲ್ಲಿಗೊಂದು ಗಂಟು ಹಾಕಿ, ಮುಂದಿನ ಟೈಲ್ಸಿನ ಮೇಲೆ ಅರಿಶಿನ ಕುಂಕುಮವಿಟ್ಟಳು.

ಮರುದಿನ ಬೆಳಗ್ಗೆ ಐದಕ್ಕೆ ತಲೆಗೆ, ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು, ಟಬ್ಬಿನ ಪಕ್ಕ ಮಣೆಯ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಅಮ್ಮ ಟಬ್ಬಿನ ನೀರಿಗೆ ಚೊಂಬು ಅದ್ದಿದಳು.

"ಹಬ್ಬದ ದಿನ ಅಲ್ವಾ ಅಮ್ಮ, ಇವತ್ತೊಂದಿನ ಒಳಗೇ ಕೂರ್ಲಾ?"

"ಹಂಡೆಯೊಳಗೆ ಯಾರಾದ್ರೂ ಕೂರ್ತಾರನಾ?" ಎಂದು ನೆತ್ತಿಯ ಮೇಲೆ ಹುಯ್ದೇಬಿಟ್ಟಳು.